ಸಮಾಧಿಯ ಮಗ್ಗುಲಲ್ಲಿ ಅರವತ್ತು ಕಿಲೋ

ಮದುವೆಯಾದಂದಿನಿಂದ ಮಸೀನಾ ಮಾಡಿದ ಯಾವ ಕೆಲಸವೂ ಅತ್ತೆ ಸಿನಿವಾಳ ತಿದ್ದುಪಡಿಗೆ ಒಳಗಾಗದೆ ಉಳಿದಿರಲಿಲ್ಲ. ಚಾಪೆ ಹೆಣೆದರೆ ಅಂಚು ಸೊಟ್ಟ, ಮೀನು ಸುಟ್ಟರೆ ಒಂದು ಮಗ್ಗುಲು ಹಸಿ. ಅತ್ತೆ ತೀರಿಕೊಂಡು ಆರು ವರ್ಷಗಳಾಗಿದ್ದರೂ ಊರಿನವರಿಗೆ ಅವಳಿನ್ನೂ ‘ಸಿನಿವಾಳ ಸೊಸೆ’ಯೇ. ಆದ್ದರಿಂದ ನಲವತ್ತೇಳನೆಯ ವಯಸ್ಸಿನಲ್ಲಿ, ಅತ್ತೆ ಎಂದೂ ಕೈಹಾಕದ ಒಂದು ವಿದ್ಯೆಯನ್ನು ತನ್ನದಾಗಿಸಿಕೊಳ್ಳಬೇಕೆಂದು ಅವಳು ಭಾರ ಎತ್ತಲು ತೊಡಗಿದಳು. ಜಿಲ್ಲೆಯ ಪಂದ್ಯಕ್ಕೆ ಊರಿನ ಮಹಿಳಾ ಸಮಿತಿ ಒಬ್ಬಳನ್ನು ಆರಿಸುವುದಿತ್ತು. ಆ ಪಟ್ಟಿಯಲ್ಲಿ ತನ್ನ ಹೆಸರು, ಬರಿಯ ತನ್ನ ಹೆಸರು, ಇರಬೇಕೆಂಬುದು ಅವಳ ಆಸೆ.

ಗುಟ್ಟಾಗಿ ಅಭ್ಯಾಸ ಮಾಡಲು ಅಡ್ಡಿಗಳು ಎರಡು. ಸವಾಯಿ ದ್ವೀಪದ ಆ ಊರಿನ ಮನೆಗಳಿಗೆ ಕಂಬಗಳಿವೆ, ಗೋಡೆಗಳಿಲ್ಲ. ಸೊಂಟ ಬಗ್ಗಿಸಿದರೆ ಆಚೆ ದಂಡೆಯವರಿಗೂ ಕಾಣುತ್ತದೆ. ಮೇಲಾಗಿ, ಭಾರ ಇಳಿಸಲು ತಕ್ಕ ಗಟ್ಟಿನೆಲ ಅಂಗಳದಲ್ಲಿದ್ದುದು ಒಂದೇ ಕಡೆ: ಅತ್ತೆಯ ಸಮಾಧಿಯ ಸುತ್ತ. (ಗಂಡ ಎನೆಲಿಕೊ ಮನೆಯ ನೆಲಕ್ಕೆ ಹಳೆಯ ಹಲಗೆ ಹೊಡೆಸಿ, ತಾಯಿಗೆ ನುಣುಪು ಸಿಮೆಂಟು ಹಾಕಿಸಿದ್ದ. ಮಗನೆಂದರೆ ಹೀಗಿರಬೇಕೆಂದು ಊರೆಲ್ಲ ಹೊಗಳಿತ್ತು. ಸೊಸೆಯನ್ನು ಯಾರೂ ಕೇಳಿರಲಿಲ್ಲ.)

ಉಳಿದದ್ದು ಸಂಜೆಯ ಪ್ರಾರ್ಥನೆಯ ಹೊತ್ತು. ತೂಗುಹಾಕಿದ ಹಳೆಯ ಗ್ಯಾಸ್ ಸಿಲಿಂಡರಿನ ಮೇಲೆ ಮೊದಲ ಗಂಟೆ ಬಡಿದರೆ ಎಲ್ಲರೂ ಮನೆ ಸೇರಬೇಕು, ಎರಡನೆಯದಕ್ಕೆ ಕಣ್ಣು ಮುಚ್ಚಬೇಕು, ಮೂರನೆಯದಕ್ಕೆ ಬಿಡುಗಡೆ. ನಡುವಿನ ಹದಿನೈದು ನಿಮಿಷ ಇಡೀ ಊರು ಕುರುಡು.

“ಪ್ರಾರ್ಥನೆಗೆ ಒಳಗೆ ಬರಲ್ವಾ?” ಎಂದು ಎನೆಲಿಕೊ ಕೇಳಿದ.

“ಇಲ್ಲೇ ಅತ್ತೆ ಹತ್ರ ಇರ್ತೀನಿ ಬಿಡಿ.”

ಅವನ ಕಣ್ಣಲ್ಲಿ ನೀರಾಡಿತು. “ಬದುಕಿದ್ದಾಗ ಒಂದಿನಾನೂ ಹೀಗಂದಿರಲಿಲ್ಲ ನೀನು.”

ಮೊದಲ ವಾರ ಕಬ್ಬಿಣದ ಸರಳಿಗೆ ಸಿಕ್ಕಿಸಿದ ಇಪ್ಪತ್ತು ಕಿಲೋ ಮೊಣಕಾಲು ದಾಟಲಿಲ್ಲ. ಎರಡನೆಯ ವಾರದ ಮಂಗಳವಾರ, ಮನೆಮನೆಯಿಂದ ಕೀರ್ತನೆ ತೇಲಿ ಬರುತ್ತಿದ್ದಾಗ, ಸರಳು ತಾನಾಗಿ ಹಗುರಾಯಿತು. ಗಾಳಿಯಿರಲಿಲ್ಲ. ಅವಳ ಎರಡು ಅಂಗೈಗಳ ಆಚೀಚೆ ಕಬ್ಬಿಣ ಮಂಜಿನಂತೆ ತಣ್ಣಗಿತ್ತು, ಇನ್ನೆರಡು ಕೈಗಳ ಅಗಲಕ್ಕೆ. ಹಳೆಯ ಕೊಬ್ಬರಿ ಎಣ್ಣೆಯ ವಾಸನೆ. ಕತ್ತಿನ ಹಿಂದೆ, ಕಿವಿಗೆ ತೀರ ಹತ್ತಿರದಲ್ಲಿ, ಯಾರೋ ನಿಧಾನವಾಗಿ ಹೇಳಿದರು:

“ಬೆನ್ನು ಸೊಟ್ಟ.”

ಇಂಥ ಹೊತ್ತಿನಲ್ಲಿ ಓಡಿಹೋಗುವುದು ಲೋಕರೂಢಿ. ಮಸೀನಾ ಓಡಲಿಲ್ಲ, ಅವಳಿಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಸತ್ತರೂ ಚಟ ಬಿಟ್ಟಿಲ್ಲವಲ್ಲ! ಆದರೂ ಬೆನ್ನು ನೆಟ್ಟಗೆ ಮಾಡಿದಳು. ಭಾರ ತಲೆಯ ಮೇಲೆ ಹೋಗಿ ನಿಂತಿತು. ತಿಂಗಳೊಳಗೆ ಅರವತ್ತಾಯಿತು. ಅದು ತನ್ನದೇ ಶಕ್ತಿ, ಅತ್ತೆಯದು ಬರಿಯ ಬಾಯಿ ಎಂದು ಅವಳು ತನ್ನಷ್ಟಕ್ಕೆ ತೀರ್ಮಾನಿಸಿ, ಅರವತ್ತು ಎತ್ತುತ್ತೇನೆಂದು ಸಮಿತಿಗೆ ಹೇಳಿಯೂ ಬಿಟ್ಟಳು.

ಸಮಿತಿಯ ಅಧ್ಯಕ್ಷೆ ಫಿಪೆ ಗುರುವಾರ ಮಧ್ಯಾಹ್ನ ಹತ್ತು ಹೆಂಗಸರೊಡನೆ ಪರೀಕ್ಷೆಗೆ ಬಂದಳು. ಮಸೀನಾ ಎಷ್ಟು ಎಳೆದರೂ ಸರಳು ಬೇರುಬಿಟ್ಟ ಮರದಂತೆ ಕೂತಿತ್ತು.

“ಅರವತ್ತು ಅಂದ್ಯಲ್ಲ ಮಾರಾಯ್ತಿ, ಕಿಲೋನೋ, ನಿನ್ನ ವಯಸ್ಸೋ?”

“ಬಿಸಿಲಿಗೆ ಆಗಲ್ಲ ಫಿಪೆ. ಸಂಜೆ ಎರಡನೇ ಗಂಟೆ ಬಡಿದ್ಮೇಲೆ ನೋಡಿ.”

“ಪ್ರಾರ್ಥನೆ ಹೊತ್ತಲ್ಲಾ? ದೇವರಿಗೆ ಏನ್ ಹೇಳೋಣ?”

“ಇಲ್ಲೇ ಪ್ರಾರ್ಥನೆ ಮಾಡ್ಕೊಳ್ಳಿ. ಕಣ್ಣು ಮಾತ್ರ ಮುಚ್ಬೇಡಿ.”

ಕುತೂಹಲ ಭಕ್ತಿಯನ್ನು ಗೆದ್ದಿತು. ಸಂಜೆ ಹನ್ನೊಂದು ಹೆಂಗಸರು ಸಮಾಧಿಯ ಮುಂದೆ ಚಾಪೆ ಹಾಸಿ, ಕೈಮುಗಿದು, ಕಣ್ಣರಳಿಸಿ ಕೂತರು. ಗಂಟೆ ಬಡಿಯಿತು. ಹಕ್ಕಿಗಳು ಒಮ್ಮೆಲೇ ಸುಮ್ಮನಾದವು. ಸಿನಿವಾ ಹಚ್ಚಿಕೊಳ್ಳುತ್ತಿದ್ದ ಎಣ್ಣೆಯ ವಾಸನೆ ಎಲ್ಲರಿಗೂ ಬಂತು. ಮಸೀನಾ ಬಗ್ಗಿ ಹಿಡಿದಳು. ಅರವತ್ತು ಕಿಲೋ ಹೂವಿನ ಹಾರದ ಹಾಗೆ ಎದ್ದು ತಲೆಯ ಮೇಲೆ ನಿಂತಿತು.

ಚಾಪೆಯ ಮೇಲೆ ಯಾರೋ ಉಸಿರೆಳೆದರು. ಅಷ್ಟು ಸಾಕಿತ್ತು. ಆದರೆ ಮಸೀನಾಳಿಗೆ, ಈ ಒಂದು ಗಳಿಗೆಯಾದರೂ ಪೂರ್ತಿ ತನ್ನದಾಗಬೇಕಿತ್ತು.

“ಅತ್ತೆ, ಕೈ ಬಿಡಿ,” ಎಂದು ತುಟಿಯಲ್ಲೇ ಅಂದಳು. “ಇದೊಂದ್ಸಲ ನಾನೇ ಹಿಡೀತೀನಿ.”

“ನೀನೇ ಬಿಡು,” ಎಂದಿತು ಕಿವಿಯ ಬಳಿಯ ದನಿ. “ಬರೀ ಅಲ್ಲಾಡಿಸ್ತಾ ಇದೀಯ.”

ರೋಷದಿಂದ ಮಸೀನಾ ಎರಡೂ ಕೈ ಬಿಟ್ಟಳು.

ಸರಳು ಬೀಳಲಿಲ್ಲ. ಕತ್ತಲಾಗುತ್ತಿದ್ದ ಆಕಾಶಕ್ಕೆ ಅಡ್ಡವಾಗಿ, ಒಂದು ಕೂದಲೆಳೆಯಷ್ಟೂ ಅಲುಗದೆ, ಹಾಗೆಯೇ ನಿಂತಿತ್ತು. ಮಸೀನಾ ಅದರ ಕೆಳಗೆ, ಖಾಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತಿದ್ದಳು. ಮೂರನೆಯ ಗಂಟೆ ಬಡಿದಾಗ ಭಾರ ಸದ್ದಿಲ್ಲದೆ ಇಳಿದು ಸಿಮೆಂಟಿನ ಮೇಲೆ ಕೂತಿತು.

ಫಿಪೆ ಸಮಿತಿಯ ಕಾರ್ಯದರ್ಶಿಯ ಕಡೆ ತಿರುಗಿದಳು.

“ಬರ್ಕೋ. ನಮ್ಮೂರಿಂದ ಸಿನಿವಾ, ಅರವತ್ತು ಕಿಲೋ.”

“ಅವರು ಸತ್ತಿದಾರಲ್ಲಾ, ಫಿಪೆ?”

“ಸತ್ತೋರು ಬರಬಾರ್ದು ಅಂತ ಎಲ್ಲಿದೆ ನಿಯಮ? ಪಂದ್ಯ ಸಂಜೆಗಿಟ್ಕೊಳ್ಳಿ ಅಂತ ಜಿಲ್ಲೆಗೊಂದು ಪತ್ರ ಹಾಕು. ಇಂಥ ತೋಳು ನಮಗೆ ಇನ್ನೆಲ್ಲಿ ಸಿಗತ್ತೆ?”

“ಮತ್ತೆ ನಾನು?” ಎಂದಳು ಮಸೀನಾ.

ಫಿಪೆ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. “ಜೊತೆಗೆ ಒಬ್ರು ಬೇಕಲ್ಲ. ಟವೆಲ್, ನೀರು ಹಿಡ್ಕೊಂಡು ನಿಂತ್ಕೋ.”

ಒಳಗಿನಿಂದ ಓಡಿ ಬಂದ ಎನೆಲಿಕೊ ವಿಷಯ ತಿಳಿದು ಸಮಾಧಿಯನ್ನು ತಬ್ಬಿಕೊಂಡು, “ನಮ್ಮಮ್ಮ!” ಎಂದು ಗದ್ಗದಿತನಾದ. ಹೆಂಗಸರು ಒಬ್ಬೊಬ್ಬರಾಗಿ ಬಂದು ತಣ್ಣನೆಯ ಸಿಮೆಂಟಿಗೆ ಅಭಿನಂದನೆ ಸಲ್ಲಿಸಿ ಹೋದರು.

ಎಲ್ಲರೂ ಹೋದ ಮೇಲೆ ಮಸೀನಾ ಹಗ್ಗದ ಮೇಲಿದ್ದ ಟವೆಲನ್ನು ತೆಗೆದು ಮಡಿಚತೊಡಗಿದಳು. ಕತ್ತಿನ ಹಿಂದೆ ತಣ್ಣನೆಯ ಉಸಿರು ತಾಗಿತು.

“ಅಂಚು ಸೇರಿಲ್ಲ.”

ಮಸೀನಾ ಟವೆಲನ್ನು ಬಿಡಿಸಿ, ಮತ್ತೆ ಮಡಿಚಿದಳು.