ಅಗಸೆ ಎಣ್ಣೆಯ ಡೇರೆ

ನಮ್ಮ ಭಾವನಿಗೆ ಹುಚ್ಚಿಲ್ಲ. ಅಕ್ಕ ಇದನ್ನು ಎಲ್ಲರಿಗೂ ಹೇಳುತ್ತಾಳೆ. ಕೇಳದವರಿಗೂ ಹೇಳುತ್ತಾಳೆ, ಅದೇ ಸ್ವಲ್ಪ ಅನುಮಾನದ ವಿಷಯ!

ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಮನೆಯಲ್ಲಿ ಎಸಿ ಹಾಕಿಕೊಂಡು ಮಲಗಬಹುದಾದ ಈ ಮನುಷ್ಯ ರಜೆ ಸಿಕ್ಕರೆ ಹತ್ತೊಂಬತ್ತನೆಯ ಶತಮಾನಕ್ಕೆ ಹೊರಡುತ್ತಾರೆ. ಟೆಕ್ಸಾಸಿನ ಹಳಬರಂತೆ ಉಡುಪು ತೊಟ್ಟು, ದಪ್ಪ ಹತ್ತಿಬಟ್ಟೆಯ ಡೇರೆ ಹೊಡೆದು ಮಲಗುವವರ ಗುಂಪೊಂದಿದೆ. ಅದರಲ್ಲಿ ವಿಜಯಪುರದವರು ಇವರೊಬ್ಬರೇ. ಆ ಕಾಲದಲ್ಲಿ ಇಲ್ಲದ್ದು ಇವರ ಡೇರೆಗೆ ಬರಕೂಡದು. ಟಾರ್ಚಿಲ್ಲ, ಪ್ಲಾಸ್ಟಿಕ್ಕಿಲ್ಲ, ಅಕ್ಕನ ಫೋನು ಕಾರಿನಲ್ಲೇ ಇರಬೇಕು. ಅವಳ ಸೀರೆಗೆ ಮಾತ್ರ ವಿನಾಯಿತಿ.

ಡಾಲಸ್ ಹತ್ತಿರದ ಶಿಬಿರದಲ್ಲಿ ಡೇರೆ ಸೋರಿ ಅಕ್ಕ ತೊಯ್ದು ತೊಪ್ಪೆಯಾದಳು. "ಇನ್ನೊಂದ್ ಸಲ ನೆನೆದ್ರೆ ನಾನು ಬರಲ್ಲ. ನೀವೊಬ್ರೇ ಹೋಗಿ," ಎಂದಳು. ಭಾವನಿಗೆ ಅನ್ನ ಸೇರಲಿಲ್ಲ. ಅಕ್ಕನಿಲ್ಲದೆ ಹೋಗುವುದಾದರೆ ಯಾವ ಶತಮಾನವಾದರೇನು?

ಹಳಬರು ಡೇರೆಗೆ ಅಗಸೆ ಎಣ್ಣೆ ಬಳಿಯುತ್ತಿದ್ದರೆಂದು ಎಲ್ಲೋ ಓದಿ ಡಬ್ಬಿಗಟ್ಟಲೆ ತಂದರು. ಡಬ್ಬಿಯ ಮೇಲೆ ಬೆಂಕಿಯ ಎಚ್ಚರಿಕೆ ಇತ್ತು. ತೋರಿಸಿದೆ.

"ಅಗಸಿ ಹಿಂಡಿ ತಿಂದ ಬೆಳದಾಂವ ಇದ್ದೀನಿ ತಮ್ಮಾ. ಅಗಸಿ ನನಗೇನ ಮಾಡ್ತೈತಿ?"

ಹಿಂಡಿಯೆಂಬ ರೊಟ್ಟಿಯ ಜೊತೆಗಿನ ಚಟ್ನಿಪುಡಿಯನ್ನು ನೆಂಟರಂತೆ ನಂಬಿದವರ ಹತ್ತಿರ ವಾದ ಮಾಡುವುದು ಹೇಗೆ?

ಹೂಸ್ಟನ್ನಿನ ತೇವಕ್ಕೆ ಎಣ್ಣೆ ಒಣಗಲೊಲ್ಲದು. ಹಿತ್ತಲಲ್ಲಿ ಹರಡಿದ ಡೇರೆಗೆ ಸೊಳ್ಳೆ, ಎಲೆ, ಪಕ್ಕದ ಮನೆಯ ಬೆಕ್ಕಿನ ಕೂದಲು ಎಲ್ಲ ಅಂಟಿದವು. ಭಾವ ಸೋಲದೆ ಇನ್ನೊಂದು ಕೈ ಬಳಿದರು. ಬಳಿದದ್ದು ಹಳೆಯ ಪಂಚೆಯ ತುಂಡುಗಳಿಂದ. ನಮ್ಮವರು ಹಳೆ ಪಂಚೆ ಎಸೆಯುವುದುಂಟೆ? ಎಣ್ಣೆ ಕುಡಿದ ಮೇಲೂ ಅವನ್ನು ಮುದ್ದೆ ಮಾಡಿ, ಖಾಲಿ ಬಾಸ್ಮತಿ ಚೀಲಕ್ಕೆ ತುರುಕಿ ಗ್ಯಾರೇಜಿನಲ್ಲಿಟ್ಟರು.

ಮಧ್ಯಾಹ್ನ ಊಟದ ಹೊತ್ತಿಗೆ ಚೀಲ ತಾನಾಗಿ ಹೊಗೆಯಾಡಿತು. ಯಾರೂ ಕಡ್ಡಿ ಗೀರಿರಲಿಲ್ಲ. ಈ ಎಣ್ಣೆ ಒಣಗುತ್ತಾ ಕಾವೇರುತ್ತದೆ, ಮುದ್ದೆಯೊಳಗಿನ ಕಾವಿಗೆ ಹೊರದಾರಿ ಇರುವುದಿಲ್ಲ. ಅಕ್ಕ ಪೈಪು ಹಿಡಿದು ನೀರು ಬಿಡುತ್ತಾ ಗಂಡನನ್ನು ಕರೆದಳು. "ಬನ್ನಿ, ನಿಮ್ಮ ಹಿಂಡಿಗೆ ಒಗ್ಗರಣೆ ಆಗ್ತಿದೆ."

ಭಾವ ಓಡಿಬಂದರು. ಉಳಿದ ತುಂಡುಗಳನ್ನು ನೀರಿನಲ್ಲಿ ಮುಳುಗಿಸಿಟ್ಟರು. ಡೇರೆಯನ್ನು ಮಾತ್ರ ಬಿಡಲಿಲ್ಲ. "ಒಂದ ಕಿಡಿ ಬಿದ್ರ ಇಡೀ ಡೇರೆ ಹೋಗ್ತೈತಿ. ಇನ್ನ ಇದರ ಹತ್ರ ದೀಪ ತರೂ ಹಂಗಿಲ್ಲ," ಎಂದು ತಮಗೆ ತಾವೇ ಕಾನೂನು ಮಾಡಿಕೊಂಡರು.

ಆಸ್ಟಿನ್ ಹತ್ತಿರದ ಮುಂದಿನ ಶಿಬಿರಕ್ಕೆ ನಾನೂ ಹೋದೆ. ಮುಸ್ಸಂಜೆಗೆ ಮಳೆ ಹಿಡಿಯಿತು. ಡೇರೆ ಒಂದು ಹನಿಯೂ ಸೋರಲಿಲ್ಲ, ಎಣ್ಣೆಯ ವಾಸನೆಗೆ ನಮ್ಮ ಕಣ್ಣುಗಳೇ ಸೋರಿದವು! ಒಳಗೆ ಕತ್ತಲೆ. ಅಕ್ಕನಿಗೆ ಚಿಕ್ಕಂದಿನಿಂದಲೂ ಕತ್ತಲೆಂದರೆ ಭಯ. ನನ್ನ ತೋಳು ಹಿಡಿದುಕೊಂಡಳು. ಆಗ ಬಾಗಿಲಿನ ಬಟ್ಟೆಯಾಚೆ ಬೆಳಕು ಕಂಡಿತು. ಭಾವ ಅಷ್ಟು ದೂರದಲ್ಲಿ, ಸುರಿಯುವ ಮಳೆಯಲ್ಲಿ ಕಂದೀಲು ಎತ್ತಿ ಹಿಡಿದು ನಿಂತಿದ್ದರು.

"ಒಳಗ್ ಬನ್ನಿ, ನೆನೀತಿದ್ದೀರ," ಎಂದಳು ಅಕ್ಕ.

"ದೀಪ ಒಳಗ ತರೂ ಹಂಗಿಲ್ಲ. ಅಲ್ಲೀತನಕ ಬೆಳಕ ಬರ್ತೈತಿಲ್ಲ?"

ನೆನೆದರೆ ಬರುವುದೇ ಇಲ್ಲ ಎಂದಿದ್ದ ಅಕ್ಕ, ಸೆರಗನ್ನು ತಲೆಗೆಳೆದುಕೊಂಡು ಆ ಮಳೆಗೆ ಇಳಿದಳು. ಹೋಗಿ ಅವರ ಪಕ್ಕ ನಿಂತಳು. ಸೋರದ ಡೇರೆಯಲ್ಲಿ ಒದ್ದೆಯಾಗದೆ ಕುಳಿತ ನನಗೆ ಅವರಿಬ್ಬರ ಮೇಲೆ ಹೊಟ್ಟೆಕಿಚ್ಚಾಯಿತು.

"ರೀ," ಎಂದಳು ಅಕ್ಕ, "ಮುಂದಿನ ಕ್ಯಾಂಪ್ ಯಾವಾಗ?"