ಸೆಲ್ವಿನ್‌ನ ಫೋಟೋ ಮತ್ತು ಸೊಟ್ಟ ಕಾರು

ಸಂಘದ ಪತ್ರಿಕೆಯನ್ನು ಬರ್ನಾರ್ಡ್ ಟಿಂಗಲ್ ಮಗುಚಿ ಹಾಸದೆ ನೆಟ್ಟಗೆ ಹಾಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಪತ್ರಿಕೆ ಬಾಗಿಲ ಸಂದಿಯಿಂದ ಒಳಗೆ ಬಿತ್ತು. ಒಂದೇ ಹಾಳೆ. ಮುಂಭಾಗದಲ್ಲಿ ಸೆಲ್ವಿನ್ ಪ್ರೌಟ್ ಬೆಳ್ಳಿಯ ಕಪ್ಪನ್ನು ಎದೆಗವಚಿಕೊಂಡು, ತೊಟ್ಟಿಲ ಕೂಸನ್ನೆತ್ತಿದ ಅಜ್ಜಿಯಂತೆ ನಗುತ್ತಿದ್ದ. ಆ ನಗೆ ಕಂಡದ್ದೇ ಬರ್ನಾರ್ಡ್‌ಗೆ ಬಾಯಲ್ಲಿದ್ದ ರೊಟ್ಟಿ ಕಹಿಯಾಯಿತು. ಏನು ಬರೆದಿದೆ ಎಂದು ಒಂದಕ್ಷರವನ್ನೂ ಓದದೆ, ಆ ಮುಖವನ್ನು ಅಡುಗೆಮನೆ ಮೇಜಿಗೆ ಒತ್ತಿ ಹಾಳೆಯನ್ನು ಬೋರಲು ಹಾಸಿದ. ಅದರ ಮೇಲೆ ಬಣ್ಣದ ಡಬ್ಬಿ, ಕುಂಚ, ಮರಳು ಕಾಗದ ಜೋಡಿಸಿದ.

ಸ್ಕಾರ್‌ಥಾರ್ಪ್ ಊರಿನ ಮಾದರಿ ಕಾರುಗಳ ಸಂಘದಲ್ಲಿ ಬರ್ನಾರ್ಡ್ ಹನ್ನೊಂದು ವರ್ಷದಿಂದ ಸೋಲುತ್ತಿದ್ದ. ಗೆಲ್ಲುವವನು ಸಾಮಾನ್ಯವಾಗಿ ಸೆಲ್ವಿನ್. ಆದರೆ ಸಂಘದಲ್ಲಿ ಒಂದು ಪದ್ಧತಿಯಿತ್ತು: ಸತತ ಮೂರು ಸಲ ಗೆದ್ದವನು ಮುಂದಿನ ವರ್ಷ ತೀರ್ಪುಗಾರ, ತನ್ನ ಕಾರು ತರುವಂತಿಲ್ಲ. ಸೆಲ್ವಿನ್ ಸತತ ಮೂರು ಸಲ ಗೆದ್ದಾಗಿತ್ತು, ಹಾಗಾಗಿ ಈ ವರ್ಷ ಗದ್ದುಗೆ ಖಾಲಿ. ಸ್ಪರ್ಧೆ ಅಂದೇ ಮಧ್ಯಾಹ್ನ. ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಪೌಂಡಿಗೆ ಸಿಕ್ಕ ಪ್ಲಾಸ್ಟಿಕ್ ಕಾರೊಂದನ್ನು ಹೊಸದು ಮಾಡಿ ಒಯ್ದರೆ ಬೆಳ್ಳಿ ಕಪ್ಪು ತನ್ನದೇ ಎಂದು ಅವನು ನಂಬಿದ್ದ.

ಕಾರೇನೋ ನಲವತ್ತು ವರ್ಷ ಹಳೆಯದು. ಕಟ್ಟಿದವನು ಮಾತ್ರ ಯಾವನೋ ಶತ್ರುವೇ ಇರಬೇಕು. ಎಡಬಾಗಿಲು ಸೊಟ್ಟ. ನಾಲ್ಕು ಚಕ್ರ ನಾಲ್ಕು ದಿಕ್ಕಿಗೆ, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ. ಕಿಟಕಿಗಳ ಮೇಲೆ ಗೋಂದು ಗಂಜಿಯಂತೆ ಹರಿದಿತ್ತು. ಛಾವಣಿಯ ನಟ್ಟನಡುವೆ, ಒಣಗದ ಗೋಂದಿನಲ್ಲಿ ಯಾರೋ ಹೆಬ್ಬೆಟ್ಟೊತ್ತಿದ ಗುರುತು.

"ಬರ್ನಾರ್ಡ್!" ಎಂದು ಹೆಂಡತಿ ಡೋರಿನ್ ಫ್ರೀಜರ್ ಮುಂದೆ ನಿಂತು ಕೂಗಿದಳು. "ಬಟಾಣಿ ಪಕ್ಕ ಈ ಕಾರು ಯಾಕೆ ಮಲಗಿದೆ?"

"ತಣ್ಣಗಾದ್ರೆ ಹಳೇ ಗೋಂದು ಪಟಪಟ ಬಿಡುತ್ತೆ. ರಾತ್ರಿಯೆಲ್ಲ ಇಟ್ಟಿದ್ದೆ."

"ನನ್ನ ಬೆನ್ನುನೋವಿಗೆ ಒಂದಿನ ಐಸ್ ಇಟ್ಟುಕೊಟ್ಟಿದ್ದೀಯಾ ನೀನು?"

ಬರ್ನಾರ್ಡ್ ಕಾರನ್ನು ಈಸಿಕೊಂಡ. ಗೋಂದು ನಿಜಕ್ಕೂ ಬಿಟ್ಟಿತು. ಬಾಗಿಲು ಬಿಚ್ಚಿ, ಚಕ್ರ ಕಳಚಿ, ಮರಳು ಕಾಗದ ನೆನೆಸಿ ಛಾವಣಿ ಉಜ್ಜಲು ಕೂತ. ಆಗಲೇ ಪಕ್ಕದ ಮನೆಯ ಮಿಸೆಸ್ ಹಾಬ್ ಹಿತ್ತಲ ಬಾಗಿಲಿಂದ ತಲೆ ಹಾಕಿದಳು. ಆಕೆ ಸಕ್ಕರೆ ಕೇಳಲು ಬಂದರೆ ಸುದ್ದಿ ಒಯ್ಯುತ್ತಿದ್ದಳು, ಸಕ್ಕರೆ ಮರೆತೇ ಹೋಗುತ್ತಿತ್ತು.

"ಅಯ್ಯೋ ಪಾಪ, ಟಿಂಗಲ್ ಅವ್ರೆ, ಇದು ದೊಡ್ಡೋರ ಹೆಬ್ಬೆಟ್ಟು ಕಣ್ರೀ. ಮಗು ಕಟ್ಟಿದೆ, ಅಂಟ್ಕೊಳ್ಳೋವರೆಗೂ ಅಪ್ಪನೋ ಅಜ್ಜನೋ ಹಿಡ್ಕೊಂಡಿದ್ದಾನೆ. ಉಜ್ಜಬೇಡಿ, ಬಿಟ್ಬಿಡಿ."

"ಇದು ಸ್ಪರ್ಧೆ, ಮಿಸೆಸ್ ಹಾಬ್. ಪೊಲೀಸ್ ಠಾಣೆ ಅಲ್ಲ, ಹೆಬ್ಬೆಟ್ಟು ಜೋಪಾನ ಮಾಡೋಕೆ."

"ನನಗೇನು. ಕೇಳಿದ್ರೆ ಹೇಳ್ತೀನಿ, ಕೇಳ್ದಿದ್ರೂ ಹೇಳ್ತೀನಿ," ಎಂದು ಆಕೆ ಕುರ್ಚಿ ಎಳೆದು ಕೂತಳು.

ಬರ್ನಾರ್ಡ್ ಉಜ್ಜಿದ. ಹೆಬ್ಬೆಟ್ಟು ಹೋಗುವತನಕ ಉಜ್ಜಿದ, ಹೋದ ಮೇಲೂ ಉಜ್ಜಿದ. ಛಾವಣಿ ಮೊಟ್ಟೆಯ ಹಾಗೆ ನುಣುಪಾಯಿತು. ಹನ್ನೊಂದೂವರೆಗೆ ಕಡುಹಸಿರು ಬಣ್ಣ ಬಳಿದ. ಕಾರಿನ ಹೊಟ್ಟೆಗೆ, ಅಂದರೆ ತಳಕ್ಕೆ, ಕಪ್ಪು ಬಣ್ಣ ಬಳಿದು ಪತ್ರಿಕೆಯ ಮೇಲಿಟ್ಟ. ಹೊರಗೆ ಅಕ್ಟೋಬರದ ತುಂತುರು. ಆ ಥಂಡಿಯಲ್ಲಿ ಬಣ್ಣ ಒಣಗುವ ಲಕ್ಷಣವೇ ಇಲ್ಲ.

"ಓವನ್ ಗೂಡಲ್ಲಿ ಇಡಿ, ಬರೀ ಬೆಚ್ಚಗಿದ್ರೆ ಸಾಕು," ಎಂದಳು ಮಿಸೆಸ್ ಹಾಬ್.

ಅದೊಂದು ಮಾತು ಸರಿಯೆನಿಸಿತು. ಸಣ್ಣ ಉರಿಯಲ್ಲಿ ಕಾರಿನ ಮೈಯನ್ನು ಗೂಡಿನೊಳಗಿಟ್ಟ. ಅವನು ಚಕ್ರ ತೊಳೆಯಲು ಹಿತ್ತಲಿಗೆ ಹೋಗಿ ಐದು ನಿಮಿಷ ಕಳೆದಿರಲಿಲ್ಲ, ಡೋರಿನ್ ಬಂದು ಊಟದ ಅಡುಗೆಗೆಂದು ಉರಿ ಏರಿಸಿ ಹೋದಳು. ಒಳಗೇನಿದೆ ಎಂದು ಆಕೆ ನೋಡಲಿಲ್ಲ. ಒಳಗೇನಿದೆ ಎಂದು ಬಲ್ಲ ಮಿಸೆಸ್ ಹಾಬ್ ಬಾಯಿ ಬಿಡಲಿಲ್ಲ. ಜನ್ಮದಲ್ಲಿ ಅದೊಂದೇ ಸಲ.

ಬರ್ನಾರ್ಡ್ ಚೀರಿಕೊಂಡು ಹೊರತೆಗೆದಾಗ ಕಾರಿನ ಹಿಂಭಾಗ ದಣಿದ ಎಮ್ಮೆಯ ಬಾಲದಂತೆ ಜೋತುಬಿದ್ದಿತ್ತು. ಬಿಸಿನೀರಲ್ಲಿ ಅದ್ದಿ, ಚಮಚದಿಂದ ಎತ್ತಿಹಿಡಿದು, ನೆಟ್ಟಗೆ ಮಾಡುವಷ್ಟರಲ್ಲಿ ಅವನ ಮೈಯ ಬೆವರೆಲ್ಲ ಬಸಿದುಹೋಯಿತು. ಮತ್ತೆ ಬಣ್ಣ. ಮತ್ತೆ ಜೋಡಣೆ. ಗಂಟೆ ಎರಡೂವರೆ. ಎತ್ತಿಕೊಳ್ಳಲು ಹೋದರೆ ಕಾರಿನ ಹೊಟ್ಟೆ ಪತ್ರಿಕೆಗೆ ಅಂಟಿಕೊಂಡಿತ್ತು. ಎಳೆದ. ಪರ್‍ರ್ ಎಂದು ಕಾಗದದ ಒಂದು ಚೂರು ಹೊಟ್ಟೆಯಲ್ಲೇ ಉಳಿಯಿತು.

"ಹೋಗ್ಲಿ, ಹೊಟ್ಟೆ ಯಾರು ನೋಡ್ತಾರೆ," ಎಂದುಕೊಂಡ.

ಎದುರು ಮನೆಯ ಕ್ಲೆಮ್ ತನ್ನ ವ್ಯಾನಿನಲ್ಲಿ ಕರೆದೊಯ್ಯಲು ಬಂದ. ಮೂವತ್ತು ವರ್ಷ ಬಸ್ಸೋಡಿಸಿದವನು, ಈಗಲೂ ಬಸ್ಸೇ ಓಡಿಸುತ್ತಿದ್ದೇನೆ ಎಂಬ ಭ್ರಮೆ. ಡೋರಿನ್ ಮುಂದೆ ಕೂತಳು. ಕರೆಯದೆಯೇ ಬಂದ ಮಿಸೆಸ್ ಹಾಬ್ ಅವಳ ಪಕ್ಕಕ್ಕೆ ತೂರಿಕೊಂಡಳು. ಬರ್ನಾರ್ಡ್ ಹಿಂದೆ, ತೊಡೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಕಾರು.

"ಕ್ಲೆಮ್, ನಿಧಾನ ಕಣೋ, ಬಣ್ಣ ಹಸಿ!"

"ಹೆದರ್ಬೇಡ್ವೋ, ಈ ರಸ್ತೆ ನನಗೆ ಅಂಗೈ ಇದ್ದ ಹಾಗೆ," ಎನ್ನುತ್ತಲೇ ಕ್ಲೆಮ್ ಸೇತುವೆ ಬಳಿಯ ಗುಂಡಿಗಿಳಿಸಿದ. ಕಾರು ಹಾರಿತು. ಬರ್ನಾರ್ಡ್ ಅದನ್ನು ಗಾಳಿಯಲ್ಲೇ ಹಿಡಿದ. ಅವನ ಬೆರಳುಗಳು ಮೊದಲೇ ದಪ್ಪ, ಗಡ್ಡೆ ಮೂಲಂಗಿಯಂಥವು. ಹಿಡಿದ ಹೆಬ್ಬೆಟ್ಟು ಛಾವಣಿಯ ನಟ್ಟನಡುವೆ ಪಚಕ್ಕನೆ ಊರಿತು.

ಕ್ಲೆಮ್ ಕನ್ನಡಿಯಲ್ಲಿ ನೋಡಿದ. "ಅಂಗೈಲೂ ಗುಂಡಿ ಇರ್ತಾವೆ," ಎಂದ ಮೆಲ್ಲಗೆ.

ಬೆಳಿಗ್ಗೆಯಿಡೀ ಉಜ್ಜಿ ಅಳಿಸಿದ್ದ ಜಾಗದಲ್ಲೇ ಅವನದೇ ಹೆಬ್ಬೆಟ್ಟು ರುಜು ಹಾಕಿಬಿಟ್ಟಿತ್ತು.

ಚರ್ಚಿನ ಸಭಾಂಗಣದಲ್ಲಿ ಚಹಾ ಕುದಿಯುತ್ತಿತ್ತು. ಮೇಜಿನ ಮೇಲೆ ಹನ್ನೆರಡು ಕಾರು. ಸೆಲ್ವಿನ್ ಕನ್ನಡಕ ಮೂಗಿಗಿಳಿಸಿ ಒಂದೊಂದನ್ನೇ ನೋಡುತ್ತ ಬಂದ. ಅವನದೊಂದು ಚಾಳಿ, ಪ್ರತಿಯೊಂದನ್ನೂ ಹಣೆಯ ಮಟ್ಟಕ್ಕೆತ್ತಿ ಹೊಟ್ಟೆ ನೋಡುತ್ತಿದ್ದ. ಬರ್ನಾರ್ಡ್‌ನ ಕಾರನ್ನೂ ಕೆಳಗಿನಿಂದ ಹುಷಾರಾಗಿ ಹಿಡಿದೆತ್ತಿದ. ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಇದು ನಾನು ಬರೆದದ್ದು," ಎಂದ.

ಹೊಟ್ಟೆಗಂಟಿದ ಚೂರಿನಲ್ಲಿ, ಪತ್ರಿಕೆಯ ಮುಂಭಾಗದ ಫೋಟೋದ ಕೆಳಗೆ ಅಚ್ಚಾಗಿದ್ದ ಪ್ರಕಟಣೆ ಹೊರಮುಖವಾಗಿ ಪೂರ್ತಿ ಉಳಿದಿತ್ತು. ಅವನ ಹಿಂದೆಯೇ ನಿಂತಿದ್ದ ಕಾರ್ಯದರ್ಶಿ ಮಿಸ್ ಪಿಂಡರ್ ಅದನ್ನು ಗಟ್ಟಿಯಾಗಿ ಓದಿದಳು: "ಕಳೆದಿದೆ. ನನ್ನ ಎಂಟನೇ ವಯಸ್ಸಿನಲ್ಲಿ ಅಪ್ಪನ ಜೊತೆ ಕೂತು ಕಟ್ಟಿದ ಕಾರು. ಎಡಬಾಗಿಲು ಸೊಟ್ಟ, ಚಕ್ರಗಳು ನಾಲ್ಕು ದಿಕ್ಕಿಗೆ. ಛಾವಣಿಯ ಮೇಲೆ ಅಪ್ಪನ ಹೆಬ್ಬೆಟ್ಟು. ನನ್ನ ತಂಗಿ ತಿಳಿಯದೆ ಹಳೇ ಸಾಮಾನಿನ ಅಂಗಡಿಗೆ ಕೊಟ್ಟಿದ್ದಾಳೆ. ಸಿಕ್ಕವರು ದಯವಿಟ್ಟು ತೊಳೆಯಬೇಡಿ, ಉಜ್ಜಬೇಡಿ. ಅಪ್ಪನದೆಂದು ನನ್ನಲ್ಲಿ ಉಳಿದಿರುವುದು ಅದೊಂದೇ."

ಸಭಾಂಗಣದಲ್ಲಿದ್ದವರು ಬಿಸ್ಕತ್ತು ಕೆಳಗಿಟ್ಟು ಮೇಜಿನ ಸುತ್ತ ಸೇರಿದರು.

"ಇದೇ ಕಾರು!" ಎಂದು ಮಿಸೆಸ್ ಹಾಬ್ ಹಿಂದಿನಿಂದ ಕೂಗಿದಳು. "ಬೆಳಿಗ್ಗೆ ನಾನೇ ನೋಡಿದೆ! ಸೊಟ್ಟ ಬಾಗಿಲು, ಹೆಬ್ಬೆಟ್ಟು, ಎಲ್ಲಾ ಇತ್ತು! ಉಜ್ಜಬೇಡಿ ಅಂತ ಬಡ್ಕೊಂಡೆ!"

ಎಲ್ಲರ ಕಣ್ಣೂ ಬರ್ನಾರ್ಡ್ ಮೇಲೆ ಬಿತ್ತು. ಹನ್ನೊಂದು ವರ್ಷ ಸೆಲ್ವಿನ್‌ನನ್ನು ಸೋಲಿಸಬೇಕೆಂದು ಆಸೆಪಟ್ಟಿದ್ದ, ಆದರೆ ಹೀಗಲ್ಲ.

"ಸೆಲ್ವಿನ್, ನಾನು..."

ಸೆಲ್ವಿನ್ ಕೇಳಿಸಿಕೊಳ್ಳಲಿಲ್ಲ. ಕಾರನ್ನು ನೆಟ್ಟಗೆ ಮಾಡಿ ಛಾವಣಿ ನೋಡುತ್ತಿದ್ದ.

"ಇದೆ," ಎಂದ. "ಇಷ್ಟು ಉಜ್ಜಿದ್ರೂ, ಇಷ್ಟು ಬಣ್ಣ ಹಚ್ಚಿದ್ರೂ ಮೇಲೆದ್ದು ಬಂದಿದೆ ನೋಡಿ." ತನ್ನ ಹೆಬ್ಬೆಟ್ಟನ್ನು ಅದರ ಪಕ್ಕ ಮುಟ್ಟಿಸದಂತೆ ಹಿಡಿದ. "ನನ್ನದಕ್ಕಿಂತ ಎಷ್ಟು ದಪ್ಪ! ಅಪ್ಪನ ಕೈ ಹೀಗೇ ಇತ್ತು, ಮೂಲಂಗಿ ಥರ."

"ಅಲ್ಲ, ಅದು ವ್ಯಾನಲ್ಲಿ..." ಎಂದು ಕ್ಲೆಮ್ ಬಾಯಿ ತೆರೆದ. ಬರ್ನಾರ್ಡ್ ಅವನ ಪಾದದ ಮೇಲೆ ಪೂರ್ತಿ ಭಾರ ಹಾಕಿ ನಿಂತ. ಜೊತೆಗೇ ಹಸಿರಾಗಿದ್ದ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ.

"ನಿನ್ನದೇ ಕಾರು, ಸೆಲ್ವಿನ್," ಎಂದ. "ತಗೊಂಡ್ಹೋಗು."

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಿಸ್ ಪಿಂಡರ್ ನಿಯಮದ ಪುಸ್ತಕ ತೆಗೆದಳು. ಮೇಜಿನ ಮೇಲಿದ್ದವುಗಳಲ್ಲಿ ಆ ಹಸಿರು ಕಾರಿನ ಸಮಕ್ಕೆ ಬೇರೊಂದಿರಲಿಲ್ಲ, ಅದನ್ನು ಎಲ್ಲರೂ ಒಪ್ಪಿದರು. ಆದರೆ ನಾಲ್ಕನೇ ನಿಯಮ: ಬಹುಮಾನ ಕಾರನ್ನು ಮೊದಲು ಕಟ್ಟಿದವರಿಗೆ.

"ತೀರ್ಪುಗಾರರಿಗೆ ಹೇಗೆ ಕೊಡ್ತೀರಿ?" ಎಂದು ಯಾರೋ ಕೇಳಿದರು.

"ತೀರ್ಪುಗಾರರು ಕಾರು ತರಬಾರದು ಅಂತಿದೆ. ಅವರು ತಂದಿಲ್ಲವಲ್ಲ, ಮಿಸ್ಟರ್ ಟಿಂಗಲ್ ತಂದಿದ್ದು," ಎಂದಳು ಮಿಸ್ ಪಿಂಡರ್.

ಚಪ್ಪಾಳೆ. ಸೆಲ್ವಿನ್ ಕಪ್ಪನ್ನು ಮತ್ತೆ ಎದೆಗವಚಿಕೊಂಡ. ಮತ್ತೆ ಫೋಟೋ. ಇದು ಸತತ ನಾಲ್ಕನೇ ಗೆಲುವು, ಪದ್ಧತಿಯ ಪ್ರಕಾರ ಬರುವ ವರ್ಷವೂ ಅವನೇ ತೀರ್ಪುಗಾರ. ಕಣ್ಣೊರೆಸಿಕೊಂಡು ಬಂದು ಬರ್ನಾರ್ಡ್‌ಗೆ ಬಲಗೈ ಚಾಚಿದ.

ಬರ್ನಾರ್ಡ್‌ನ ಬಲಗೈ ಜೇಬಿನಲ್ಲಿ ಇನ್ನೂ ಆಳಕ್ಕೆ ಇಳಿಯಿತು. ಎಡಗೈ ಕೊಟ್ಟ.

"ನೋಡಿದ್ರಾ?" ಎಂದು ಮಿಸೆಸ್ ಹಾಬ್ ಇಡೀ ಸಭಾಂಗಣಕ್ಕೆ ಕೇಳುವಂತೆ ಪಿಸುಗುಟ್ಟಿದಳು. "ಆ ಮನುಷ್ಯ ಅಳ್ತಾ ಕೈ ಕೊಟ್ರೆ, ಈತ ಎಡಗೈ ಚಾಚ್ತಾನೆ. ಹೊಟ್ಟೆಕಿಚ್ಚು ಅಂದ್ರೆ ಇಷ್ಟಾ!"

ಮನೆಗೆ ಬಂದ ಮೇಲೆ ಡೋರಿನ್ ಕೋಟು ಬಿಚ್ಚಿ ತೂಗುಹಾಕಿ, ಗಂಡನ ಜೇಬಿನತ್ತ ನೋಡಿದಳು. ಕೈ ಹೊರಗೆಳೆದಳು. ಹಸಿರು ಹೆಬ್ಬೆಟ್ಟನ್ನು ದೀಪದ ಕೆಳಗೆ ಹಿಡಿದು ನೋಡಿದಳು. ಆಮೇಲೆ ಕಪಾಟಿನಿಂದ ಟರ್ಪೆಂಟೈನ್ ಸೀಸೆ, ಒಂದು ಚಿಂದಿ ಬಟ್ಟೆ ತಂದು ಅವನ ಮುಂದಿಟ್ಟಳು.

"ಉಜ್ಜು," ಎಂದಳು. "ಉಜ್ಜೋದ್ರಲ್ಲಿ ನಿನ್ನ ಬಿಟ್ರೆ ಇಲ್ಲ."