ಕುಂಕುಮ ಹಚ್ಚಿದ ಪಿಸ್ತೂಲು

ದೋಹಾಕ್ಕೆ ಬಂದು ಇಪ್ಪತ್ತೊಂದು ವರ್ಷವಾಯಿತು. ನಮ್ಮ ಊರ ಕಡೆಯವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೆಳಿಗ್ಗೆ ಡ್ಯೂಟಿಗೆ ಹೋಗುತ್ತಾರೆ, ಸಂಜೆ ಮನೆಗೆ ಬರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ನನಗೆ ಮಾತ್ರ ಏನಾದರೊಂದು ಆಗುತ್ತಲೇ ಇರುತ್ತದೆ. "ನೀನು ಸ್ವಲ್ಪ ಬಾಯಿ ಮುಚ್ಚಿಕೊಂಡಿದ್ದರೆ ಇದರಲ್ಲಿ ಅರ್ಧ ಆಗ್ತಿರಲಿಲ್ಲ" ಎನ್ನುತ್ತಾರೆ ನಮ್ಮ ಮನೆಯವರು. ಹಾಗಾದರೆ ಉಳಿದ ಅರ್ಧ ಹೇಗೆ ಆಗುತ್ತದೆ ಎಂದು ಕೇಳಿದರೆ ಅವರು ಪೇಪರು ಎತ್ತಿ ಮುಖಕ್ಕೆ ಹಿಡಿಯುತ್ತಾರೆ. ಈಗ ಹೇಳುವುದು ಒಂದು ಪಿಸ್ತೂಲಿನಿಂದ ಆದದ್ದು. ಇದು ಎರಡೂ ಅರ್ಧಗಳಿಗೆ ಸೇರಿದ್ದು.

೧. ರವಿಕೆ ಹೊಲಿದವರು ಯಾರು?

ದೋಹಾ ಅಲ್ ಜದೀದಾದ ಒಂದು ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ. ಒಂದು ಮಿಷನ್ನಿನಿಂದ ಶುರು ಮಾಡಿದ್ದು, ಈಗ ಆರು ಇವೆ. ಒಂದೂ ಯಾರ ಶಿಫಾರಸಿನಿಂದ ಬಂದದ್ದಲ್ಲ. ರವಿಕೆ, ಗೌನು, ಶಾಲೆಯ ಯೂನಿಫಾರ್ಮ್, ಕಿಟಕಿಯ ಪರದೆ ಎಲ್ಲ ಹೊಲಿಯುತ್ತೇವೆ. ವರ್ಷಕ್ಕೊಮ್ಮೆ ಇಲ್ಲಿನ ನಮ್ಮ ಊರವರ ಸಂಘದ ನಾಟಕಕ್ಕೆ ಪುಕ್ಕಟೆಯಾಗಿ ವೇಷಭೂಷಣ.

ಆ ವರ್ಷ ಇನ್ಸ್‌ಪೆಕ್ಟರ್ ಪಾತ್ರ ಮಾಡಬೇಕಾಗಿದ್ದವರನ್ನು ಅವರ ಕಂಪನಿಯವರು ದೂರದ ಅಲ್ ಶಮಾಲ್ ಕಡೆಯ ಸೈಟಿಗೆ ಹಾಕಿಬಿಟ್ಟರು. ನಾಟಕಕ್ಕೆ ಮೂರೇ ವಾರ. ಸಂಘದ ಅಧ್ಯಕ್ಷರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಳತೆ ತೆಗೆಯಲು ಹೋದ ನಾನು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, "ನಾನು ಮಾಡ್ತೇನೆ" ಅಂದೆ.

"ಹೆಂಗಸು ಇನ್ಸ್‌ಪೆಕ್ಟರಾ ಅಕ್ಕಾ? ಮೀಸೆ ಇಲ್ಲದ ಇನ್ಸ್‌ಪೆಕ್ಟರ್ ಎಂತದ್ದು?"

"ಊರಿನ ಠಾಣೆಗಳಲ್ಲಿ ಈಗ ಎಷ್ಟು ಹೆಂಗಸರಿದ್ದಾರೆ, ಹೋಗಿ ನೋಡಿ."

"ಅದು ಠಾಣೆ. ಇದು ನಾಟಕ. ಜನ ನಗಾಡ್ತಾರೆ."

"ಹನ್ನೊಂದು ವರ್ಷದಿಂದ ನಿಮ್ಮ ನಾಟಕದ ಅತ್ತೆ, ಸೊಸೆ, ನಾದಿನಿ ಎಲ್ಲ ಗಂಡಸರೇ. ಅವರ ರವಿಕೆ ಹೊಲಿದದ್ದು ನಾನು. ಒಳಗೆ ಎಷ್ಟೆಷ್ಟು ಹತ್ತಿ ತುಂಬಬೇಕು ಅಂತ ಪಕ್ಕದಲ್ಲಿ ನಿಂತು ಹೇಳಿದ್ದು ನೀವು. ಆಗ ಯಾರೂ ನಗಾಡಲಿಲ್ಲವಾ?"

ಆಚೆ ಚಾ ಸುರಿಯುತ್ತಿದ್ದ ಹೆಂಗಸರೆಲ್ಲ ಕೆಟಲ್ ಹಿಡಿದ ಕೈ ನಿಲ್ಲಿಸಿ ಇತ್ತ ನೋಡಿದರು. ಅಧ್ಯಕ್ಷರಿಗೆ ಇಲ್ಲ ಎನ್ನಲು ಆಗಲಿಲ್ಲ, ಹೌದು ಎನ್ನಲು ಮನಸ್ಸಿಲ್ಲ. ಅದಕ್ಕೆ ಒಂದು ಷರತ್ತು ಹಾಕಿದರು. ನಾಟಕದ ದಿನ ಸರಿಯಾಗಿ ಐದು ಗಂಟೆಗೆ ನಾನು ಗ್ರೀನ್ ರೂಮಿನಲ್ಲಿ ಇರಬೇಕು. ಒಂದು ನಿಮಿಷ ತಡವಾದರೂ ಪಾತ್ರ ಅಧ್ಯಕ್ಷರದೇ. ಆಮೇಲೆ ಯಾವ ವರ್ಷವೂ ಯಾವ ಹೆಂಗಸೂ ಗಂಡಿನ ಪಾತ್ರಕ್ಕೆ ಹೆಸರು ಕೊಡಬಾರದು.

"ನನಗೆ ಮಾತ್ರ ಯಾಕೆ ಟೈಮಿನ ಷರತ್ತು?" ಎಂದೆ.

"ಅಕ್ಕಾ, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಅಂತ ನಿಮ್ಮಲ್ಲಿ ಹೊಲಿಯಲು ಕೊಟ್ಟ ಕೋಟನ್ನು ನಾನು ಹಾಕಿದ್ದು ಇಪ್ಪತ್ತಾರನೇ ವರ್ಷಕ್ಕೆ."

೨. ಅವಸರವಿಲ್ಲದ ಗಿರಾಕಿ

ಸಂಘದ ಪೆಟ್ಟಿಗೆಯಲ್ಲಿದ್ದ ಪಿಸ್ತೂಲು ರಟ್ಟಿನದು. ವರ್ಷಗಟ್ಟಲೆ ಬೆವರು ಕುಡಿದು ಅದರ ಮೂತಿ ಕೆಳಗೆ ಬಾಗಿತ್ತು. ಅದನ್ನು ಯಾರತ್ತ ಹಿಡಿದರೂ ಅವರ ಚಪ್ಪಲಿಗೇ ಗುರಿ. "ಇದಕ್ಕೆ ಜ್ವರ ಬಂದಿದೆ ಮಾರಾಯ್ತಿ" ಅಂದರು ನಮ್ಮ ಮನೆಯವರು. ಆಟದ ಸಾಮಾನಿನ ಅಂಗಡಿಗಳಲ್ಲಿ ನೋಡಿದರೆ ಎಲ್ಲ ಹಸಿರು, ಕಿತ್ತಳೆ ಬಣ್ಣದ ನೀರಿನ ಪಿಸ್ತೂಲುಗಳು.

ಸಿಗದ್ದನ್ನು ಮಾಡಿಕೊಳ್ಳುವುದು ನನಗೆ ಹೊಸತಲ್ಲ. ಪರದೆ ಹಾಕಿ ಉಳಿದ ಕಬ್ಬಿಣದ ಕೊಳವೆ ಒಂದು ಗೇಣು, ಹಾಳಾದ ಇಸ್ತ್ರಿಪೆಟ್ಟಿಗೆಯ ಹಿಡಿ, ಟ್ರಿಗರಿಗೆ ಒಂದು ದೊಡ್ಡ ಕೊಕ್ಕೆ. ಎಲ್ಲ ಬಿಗಿದು ಕಟ್ಟಿ, ಮೇಲೆ ಕಪ್ಪು ರೆಕ್ಸಿನ್ ಸುತ್ತಿ ಹೊಲಿದು, ಕಪ್ಪು ಬಣ್ಣ ಬಳಿದೆ. ಕೈಯಲ್ಲಿ ಹಿಡಿದರೆ ನನಗೇ ಹೆದರಿಕೆ ಆಯಿತು.

ಬಣ್ಣ ಒಣಗಲಿ ಎಂದು ಅದನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟಿದ್ದೆ. ಆ ಹೊತ್ತಿಗೆ ಊರ ಕಡೆಯ ಕ್ರಿಶ್ಚಿಯನ್ ಬಾಯಿ ಒಬ್ಬರು ಬಂದರು. ಅವರ ಗೌನಿಗಾಗಿ ಅದು ನಾಲ್ಕನೇ ಸಲ ಬರುವುದು. ಬಾಗಿಲಲ್ಲೇ ಶುರು ಮಾಡಿದರು. "ಶನಿವಾರ ಇಗರ್ಜಿಯಲ್ಲಿ ಮದುವೆ. ಇವತ್ತು ಗೌನು ಕೈಗೆ ಬಾರದೆ ನಾನು ಇಲ್ಲಿಂದ ಏಳುವುದಿಲ್ಲ. ಇವತ್ತು ಎರಡರಲ್ಲಿ ಒಂದು ಆಗ್ಬೇಕು!"

ಹೇಳುತ್ತಾ ಕುರ್ಚಿ ಎಳೆದು ಮೇಜಿನ ಎದುರು ಕೂತರು. ಮೇಜು ನೋಡಿದರು. ನನ್ನ ಮುಖ ನೋಡಿದರು. ಮೆಲ್ಲನೆ ಎದ್ದರು.

"ಅವಸರ ಇಲ್ಲ ಮಾರಾಯ್ತಿ. ಮದುವೆಗಳು ಆಗ್ತಾ ಇರ್ತವೆ."

೩. ಕಾವಲುಗಾರನ ತಪ್ಪೊಪ್ಪಿಗೆ

ನಾನು ಓದು ಕಲಿತದ್ದು ಬೀಡಿ ಕಟ್ಟುವಾಗ. ಸಾಮಾನು ಕಟ್ಟಿ ಬಂದ ಪತ್ರಿಕೆಯ ತುಂಡುಗಳಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಕಲಿತದ್ದು. ಪೇಪರು ಹರಿದಲ್ಲಿ ಸುದ್ದಿಯೂ ನಿಲ್ಲುತ್ತಿತ್ತು, ಹಾಗಾಗಿ ಸಿಕ್ಕಿದಷ್ಟನ್ನು ಮರೆಯದೆ ಇಟ್ಟುಕೊಳ್ಳುವ ಅಭ್ಯಾಸವಾಯಿತು. ನಾಟಕದ ಪುಸ್ತಕ ಕೈಗೆ ಬಂದ ಒಂದೇ ವಾರಕ್ಕೆ ನನ್ನದು ಮಾತ್ರವಲ್ಲ, ಎಲ್ಲರ ಮಾತೂ ಬಾಯಿಪಾಠ ಆಗಿತ್ತು.

ಅಲ್ ವುಕೈರಿನ ನಮ್ಮ ಫ್ಲಾಟಿನಲ್ಲಿ ಹಾಲಿನ ಕನ್ನಡಿಯ ಎದುರು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಗರ್ರನೆ ತಿರುಗಿ, ಪಿಸ್ತೂಲು ಚಾಚಿ, "ಹ್ಯಾಂಡ್ಸ್ ಅಪ್! ನಿನ್ನ ಆಟ ಎಲ್ಲ ನನಗೆ ಗೊತ್ತಾಗಿದೆ!" ಎಂದು ಕೂಗಿದೆ. ತೆರೆದ ಬಾಗಿಲಲ್ಲಿ ನಮ್ಮ ಬಿಲ್ಡಿಂಗಿನ ಕಾವಲುಗಾರ ನಿಂತಿದ್ದ. ಎ.ಸಿ. ರಿಪೇರಿಯವರು ಯಾವಾಗ ಬರುತ್ತಾರೆಂದು ಹೇಳಲು ಬಂದವನು. ಅವನಿಗೆ ಕನ್ನಡ ಬಾರದು. ಆದರೂ ಎರಡೂ ಕೈ ಮೇಲೆತ್ತಿ ಹಿಂದಿಯಲ್ಲಿ ಗಳಗಳನೆ ಶುರು ಮಾಡಿದ:

"ಮೇಡಂ, ತಪ್ಪಾಯಿತು! ನಿಮ್ಮ ಪಾರ್ಕಿಂಗಿನಲ್ಲಿ ಮೂರನೇ ಮಾಳಿಗೆಯವರ ಕಾರು ನಿಲ್ಲಿಸಲು ಬಿಟ್ಟದ್ದು ನಾನೇ!"

ಎಂಟು ತಿಂಗಳಿನಿಂದ ಅದನ್ನೇ ಕೇಳುತ್ತಿದ್ದೆ. ಎಂಟು ತಿಂಗಳೂ ಅವನು "ಗೊತ್ತಿಲ್ಲ ಮೇಡಂ" ಎನ್ನುತ್ತಿದ್ದ. ಇನ್ಸ್‌ಪೆಕ್ಟರ್ ಆಗಿ ನಾನು ಹಿಡಿದ ಮೊದಲ ಕೇಸು ಅದು.

೪. ಪೂಜೆ

ನಾಟಕದ ಶುಕ್ರವಾರವೇ ಆಯುಧ ಪೂಜೆ ಬಂತು. ಆ ದಿನ ನನ್ನ ಅಂಗಡಿಯಲ್ಲಿ ಸೂಜಿಗೂ ರಜೆ. ಶುಕ್ರವಾರ ಇಲ್ಲಿ ವಾರದ ರಜೆಯಾದ್ದರಿಂದ ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆದು, ಒಳಗೇ ಎಲ್ಲವನ್ನೂ ಸಾಲಾಗಿ ಇಟ್ಟೆವು. ಆರು ಮಿಷನ್ನು, ಕತ್ತರಿಗಳು, ಇಸ್ತ್ರಿಪೆಟ್ಟಿಗೆ, ಅಳತೆಯ ಟೇಪು. ಎಲ್ಲಕ್ಕೂ ಗಂಧ, ಕುಂಕುಮ, ಹೂ. ನಮ್ಮ ಕಟಿಂಗ್ ಮಾಸ್ಟರ್ ಮಲಯಾಳಿ, ಅಕ್ಕ ಎನ್ನುವ ಬದಲು ಚೇಚೀ ಎನ್ನುತ್ತಾರೆ. ಅವರು ನಗುತ್ತಾ, "ಚೇಚೀ, ನಿಜವಾದ ಆಯುಧ ಚೀಲದಲ್ಲೇ ಉಳಿಯಿತಲ್ಲ" ಅಂದರು. ಹೌದಲ್ಲ! ಪಿಸ್ತೂಲನ್ನು ಮಿಷನ್ನಿನ ಪಕ್ಕದಲ್ಲಿಟ್ಟು, ಕೊಳವೆಯ ಉದ್ದಕ್ಕೆ ಗಂಧ ಎಳೆದು, ಕುಂಕುಮ ಕಲಸಿ ಹಿಡಿಗೆ, ಮೂತಿಗೆ ಧಾರಾಳವಾಗಿ ಹಚ್ಚಿ, ಟ್ರಿಗರಿಗೆ ಒಂದು ಸೇವಂತಿಗೆ ಸಿಕ್ಕಿಸಿದೆ.

ರೆಕ್ಸಿನ್ನಿನ ಮೇಲೆ ಕುಂಕುಮ ಒಣಗುವುದಿಲ್ಲ, ಇಳಿಯುತ್ತದೆ. ಇಳಿಯಿತು.

ಹೊರಡುವಾಗ ನಾಲ್ಕೂ ಹತ್ತು. ಮಾಸ್ಟರ್ ಹೇಳಿದರು, "ಚೇಚೀ, ಅದನ್ನು ಚೀಲದೊಳಗೆ ಹಾಕಿ."

"ಚೀಲದಲ್ಲಿ ಖಾಕಿ ಅಂಗಿ ಇದೆ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಕಲೆ ಆದರೆ ನೀವು ತೊಳೆದು ಕೊಡ್ತೀರಾ?"

"ಹಾಗಾದರೆ ಒಂದು ಕವರಿಗೆ?"

"ಕವರಿಗೆ ಹಾಕಿದರೆ ಕುಂಕುಮ ಅಳಿಸಿ ಹೋಗ್ತದೆ. ಪೂಜೆ ಅಳಿಸಿಕೊಂಡು ಮೊದಲ ಸಲ ಸ್ಟೇಜಿಗೆ ಹೋಗುವುದಾ? ಕೈಯಲ್ಲೇ ಹಿಡಿದುಕೊಳ್ತೇನೆ."

ಕೊನೆಗೆ ಅಂಗಿಯನ್ನೂ ಮಡಿಕೆ ಬೀಳಬಾರದೆಂದು ಹ್ಯಾಂಗರಿಗೆ ಹಾಕಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿದೆ. ಬೆಳಿಗ್ಗೆಯೇ ಪೂಜೆ ಮಾಡಿ ಹಾರ ಹಾಕಿದ್ದ ಕಾರು ನಿಂತಿದ್ದದ್ದು ಎರಡು ಓಣಿ ಆಚೆ. ಎಡಗೈಯಲ್ಲಿ ಹ್ಯಾಂಗರ್, ಬಲಗೈಯಲ್ಲಿ ಕೆಂಪು ಇಳಿಯುವ ಪಿಸ್ತೂಲು. ಬಿರಬಿರನೆ ನಡೆದೆ. ಆ ಓಣಿಯಲ್ಲಿ ಯಾವಾಗಲೂ ಜನರನ್ನು ತಳ್ಳಿಕೊಂಡೇ ಹೋಗಬೇಕು. ಅವತ್ತು ಎಲ್ಲರೂ ಗೋಡೆಗೆ ಅಂಟಿ ದಾರಿ ಬಿಟ್ಟರು. ಹಬ್ಬದ ದಿನ ಜನರಿಗೆ ಎಷ್ಟು ಮರ್ಯಾದೆ ಅಂದುಕೊಂಡೆ.

೫. ನೆಲಕ್ಕೆ ಇಡುವುದಿಲ್ಲ

ತಿರುವಿನಲ್ಲಿ ಪೊಲೀಸ್ ಕಾರು ಬಂದು ಗಕ್ಕನೆ ನಿಂತಿತು. ಚಿಕ್ಕ ಪ್ರಾಯದ ಒಬ್ಬ ಪೊಲೀಸ್ ಇಳಿದು, ಬಾಗಿಲ ಮರೆಯಲ್ಲೇ ನಿಂತು, ಅಂಗೈ ಮುಂದೆ ಚಾಚಿದ. ಮೊದಲು ಅರಬಿಯಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳಿದ:

"ಮದಾಮ್, ನಿಲ್ಲಿ! ಅದನ್ನು ನೆಲದ ಮೇಲೆ ಇಡಿ!"

ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ. ಬಾಯಿ ಮಾತ್ರ ಮುಚ್ಚಲಿಲ್ಲ.

"ನೆಲದ ಮೇಲೆ ಇಡಲಿಕ್ಕೆ ಆಗುವುದಿಲ್ಲ. ಪೂಜೆ ಆಗಿದೆ."

"ಏನಾಗಿದೆ?"

"ಪೂಜೆ. ಕಾಲು ತಾಗುವ ಜಾಗದಲ್ಲಿ ಇಡಬಾರದು."

"ಆ ಕೆಂಪು ಏನು? ರಕ್ತವಾ?"

"ಅಯ್ಯೋ, ಕುಂಕುಮ! ಕತ್ತರಿಗೂ ಹಚ್ಚಿದ್ದೇನೆ, ಇಸ್ತ್ರಿಪೆಟ್ಟಿಗೆಗೂ ಹಚ್ಚಿದ್ದೇನೆ. ಬನ್ನಿ, ತೋರಿಸ್ತೇನೆ." ಒಂದು ಹೆಜ್ಜೆ ಇಟ್ಟೆ.

"ನಡೆಯಬೇಡಿ!"

ನಿಂತೆ. ಗಡಿಯಾರ ನೋಡಿದೆ. ನಾಲ್ಕೂ ಇಪ್ಪತ್ತು. ನಾಟಕದ ಹಾಲಿಗೆ ಕಾರಿನಲ್ಲಿ ಇಪ್ಪತ್ತೈದು ನಿಮಿಷದ ದಾರಿ. ಕಣ್ಣ ಮುಂದೆ ಅಧ್ಯಕ್ಷರ ಮುಖ, ಅವರ ಹಿಂದೆ ಕೆಟಲ್ ಹಿಡಿದ ಹೆಂಗಸರ ಮುಖಗಳು. ಇದು ನಾಟಕದ್ದು ಎಂದು ತೋರಿಸಿಬಿಟ್ಟರೆ ಮುಗಿಯಿತಲ್ಲ ಎಂದು ಹ್ಯಾಂಗರ್ ಎತ್ತಿ ಹಿಡಿದೆ. ಬಿಳಿ ಬಟ್ಟೆ ಜಾರಿ ಬಿತ್ತು. ಖಾಕಿ ಅಂಗಿ, ಹೆಗಲ ಮೇಲೆ ಮೂರು ನಕ್ಷತ್ರ.

ಆತ ಅಂಗಿ ನೋಡಿದ, ಪಿಸ್ತೂಲು ನೋಡಿದ, ನನ್ನ ಸೀರೆ ನೋಡಿದ. "ಮದಾಮ್... ನೀವು ಪೊಲೀಸಾ?"

"ಆರು ಗಂಟೆಯಿಂದ ಎಂಟೂವರೆಯವರೆಗೆ ಮಾತ್ರ."

ಆಗ ಕಾರಿನಿಂದ ಇನ್ನೊಬ್ಬರು ಇಳಿದರು. ಹಿರಿಯರು, ಗಡ್ಡ ನರೆತಿತ್ತು. ಎಷ್ಟೋ ವರ್ಷದಿಂದ ನಮ್ಮಂಥವರನ್ನು ನೋಡಿ ಸುಸ್ತಾದವರ ಹಾಗೆ ನಿಟ್ಟುಸಿರು ಬಿಟ್ಟು, ತಮ್ಮ ಕಾರಿನ ಬಾನೆಟ್ ತಟ್ಟಿದರು. "ನೆಲ ಬೇಡ. ಇಲ್ಲಿ ಇಡಿ."

ಅಲ್ಲಿ ಇಡಬಹುದು. ವಾಹನವಲ್ಲವೇ! ಹ್ಯಾಂಗರನ್ನು ತೋಳಿಗೆ ಸಿಕ್ಕಿಸಿಕೊಂಡು, ಪಿಸ್ತೂಲನ್ನು ಎರಡೂ ಕೈಯಲ್ಲಿ ಇಟ್ಟು, ಅಡ್ಡವಾಗಿದ್ದ ಸೇವಂತಿಗೆಯನ್ನು ಸರಿ ಮಾಡಿ, ಹಿಂದೆ ಸರಿದೆ. ಅವರು ಎತ್ತಿ ನೋಡಿದರು, ಮೂಸಿದರು, ಕೊಳವೆಯೊಳಗೆ ಇಣುಕಿದರು, ರೆಕ್ಸಿನ್ನಿನ ಹೊಲಿಗೆ ಮುಟ್ಟಿದರು.

"ಇದು ಪರದೆ ಹಾಕುವ ಕೋಲು" ಅಂದರು. "ನನ್ನ ಮನೆಯಲ್ಲೂ ಇದೇ."

ಚಿಕ್ಕವನು ನಕ್ಕುಬಿಟ್ಟ. ಹಿರಿಯರು ನಗಲಿಲ್ಲ. "ಮದಾಮ್, ಇದನ್ನು ನೋಡಿ ಮಕ್ಕಳು ಹೆದರಿದರೆ? ನಾವೇ ಹೆದರಿ ಬೇರೇನಾದರೂ ಮಾಡಿದ್ದರೆ?" ಎಂದು ಗಟ್ಟಿಯಾಗಿ ಕೇಳಿದರು. ಅದು ಹೌದು. "ತಪ್ಪಾಯಿತು" ಅಂದೆ. ಮದುವೆಯಾದಾಗಿನಿಂದ ನಮ್ಮ ಮನೆಯವರು ಕೇಳಲು ಕಾಯುತ್ತಿರುವ ಮಾತು ಅದು. ಪುಣ್ಯಕ್ಕೆ ಅವರು ಅಲ್ಲಿರಲಿಲ್ಲ.

ಪಿಸ್ತೂಲು ಎತ್ತಿದ ಜಾಗದಲ್ಲಿ, ಬಿಳಿ ಬಾನೆಟ್ಟಿನ ನಟ್ಟ ನಡುವೆ, ದೊಡ್ಡದೊಂದು ಕುಂಕುಮದ ಬೊಟ್ಟು, ಪಕ್ಕದಲ್ಲಿ ನಾಲ್ಕು ಹೂವಿನ ಎಸಳು. "ಇವತ್ತು ಒರೆಸಬೇಡಿ, ಗಾಡಿಗೆ ಒಳ್ಳೆಯದು" ಎಂದೆ. ಚಕ್ರದ ಕೆಳಗೆ ಇಡಲು ನನ್ನ ಪರ್ಸಿನಲ್ಲಿ ನಿಂಬೆಹಣ್ಣೂ ಇತ್ತು. ಕೇಳುವ ಧೈರ್ಯ ಬರಲಿಲ್ಲ.

೬. ಇಲ್ಲಿ ಇನ್ಸ್‌ಪೆಕ್ಟರ್ ಯಾರು?

ಪಿಸ್ತೂಲು ಮತ್ತು ಖಾಕಿ ಅಂಗಿ ತಮ್ಮ ಹತ್ತಿರವೇ ಇರುತ್ತವೆ, ನಾಟಕ ಇರುವುದು ನಿಜವೇ ಎಂದು ಕಣ್ಣಾರೆ ನೋಡಬೇಕು ಎಂದರು ಹಿರಿಯರು. "ಯಲ್ಲಾ, ಹೊರಡಿ. ನೀವು ಮುಂದೆ, ನಾವು ಹಿಂದೆ."

ಆಗ ನಾಲ್ಕೂ ಇಪ್ಪತ್ತೆಂಟು. ದೋಹಾದ ರಸ್ತೆಯಲ್ಲಿ ನಾನು ಅಷ್ಟು ಸುಖವಾಗಿ ಎಂದೂ ಕಾರು ಓಡಿಸಿದ್ದಿಲ್ಲ. ಯಾರೂ ಹಾರ್ನ್ ಹಾಕಲಿಲ್ಲ, ಯಾರೂ ಅಡ್ಡ ನುಗ್ಗಲಿಲ್ಲ. ಹಿಂದೆ ಬೊಟ್ಟು ಇಟ್ಟುಕೊಂಡ ಪೊಲೀಸ್ ಕಾರು, ಮುಂದೆ ಹಾರ ಹಾಕಿಕೊಂಡ ನನ್ನ ಕಾರು. ದಿಬ್ಬಣವೇ ಹೊರಟ ಹಾಗಿತ್ತು.

ಹಾಲಿನ ಬಾಗಿಲಲ್ಲಿ ಹೆಂಗಸರೆಲ್ಲ ಮುಖ ಸಣ್ಣ ಮಾಡಿ ನಿಂತಿದ್ದರು. ನನ್ನನ್ನು ನೋಡಿ ಒಬ್ಬಳು ಓಡಿ ಬಂದಳು. "ಅಕ್ಕಾ ಬೇಗ! ಅಧ್ಯಕ್ಷರು ಆಗಲೇ ವೇಷ ಹಾಕಿಯಾಯಿತು!" ಆಮೇಲೆ ನನ್ನ ಹಿಂದೆ ಬರುತ್ತಿದ್ದವರನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

ಗ್ರೀನ್ ರೂಮಿನಲ್ಲಿ ಅಧ್ಯಕ್ಷರು ಕನ್ನಡಿಯ ಎದುರಿದ್ದರು. ಪೆಟ್ಟಿಗೆಯಲ್ಲಿದ್ದ ಹಳೇ ಖಾಕಿ ತೊಟ್ಟು, ಗೋಂದು ಹಾಕಿ ಬೆರಳುದ್ದದ ಮೀಸೆ ಅಂಟಿಸಿಕೊಂಡು, ಎದೆಯುಬ್ಬಿಸಿ ನನ್ನ ಮಾತನ್ನು ಹೇಳುತ್ತಿದ್ದರು: "ನಿನ್ನ ಆಟ ಎಲ್ಲ ನನಗೆ ಗೊತ್ತಾಗಿದೆ!" ತಿರುಗಿದರು. ಎದುರಿಗೆ ನಿಜವಾದ ಪೊಲೀಸ್. ಒಂದು ಕೈಯಲ್ಲಿ ಖಾಕಿ ಅಂಗಿ, ಇನ್ನೊಂದು ಅಂಗೈಯಲ್ಲಿ ಕೆಂಪಾದ ಪಿಸ್ತೂಲು.

ಹಿರಿಯರು ಪಿಸ್ತೂಲನ್ನು ಅವರ ಮುಖದ ಹತ್ತಿರ ಹಿಡಿದು, ಒಂದೊಂದೇ ಮಾತಾಗಿ ಕೇಳಿದರು:

"ಇದು ಇನ್ಸ್‌ಪೆಕ್ಟರದ್ದಂತೆ. ಇಲ್ಲಿ ಇನ್ಸ್‌ಪೆಕ್ಟರ್ ಯಾರು?"

ಅಧ್ಯಕ್ಷರು ಒಂದೇ ಎಳೆತಕ್ಕೆ ಮೀಸೆ ಕಿತ್ತರು. ನೋವಿಗೆ ಕಣ್ಣಲ್ಲಿ ನೀರು ಬಂತು. ಕಿತ್ತ ಮೀಸೆಯನ್ನು ನನ್ನ ಕೈಗೆ ತುರುಕಿ, ಎರಡೂ ಕೈ ಮೇಲೆತ್ತಿ ಹೇಳಿದರು:

"ಇವರು! ಇವರೇ ಇನ್ಸ್‌ಪೆಕ್ಟರ್! ಮೂರು ವಾರದಿಂದ ಇವರೇ! ನಾನು ಬರೀ ಅಧ್ಯಕ್ಷ!"

ಬಾಗಿಲಲ್ಲಿದ್ದ ಹೆಂಗಸರೆಲ್ಲ ಅದನ್ನು ಕೇಳಿದರು. ಹಿರಿಯ ಪೊಲೀಸರಿಗೆ ಈಗ ನಗು ತಡೆಯಲಾಗಲಿಲ್ಲ. "ಸ್ಟೇಜಿನ ಮೇಲೆ ಮಾತ್ರ, ಆಮೇಲೆ ಇದು ಮತ್ತೆ ಪರದೆಯ ಕೋಲು" ಎಂದು ಹೇಳಿ ಪಿಸ್ತೂಲನ್ನೂ ಅಂಗಿಯನ್ನೂ ನನಗೆ ಕೊಟ್ಟು ಹೊರಟರು.

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷ ಇತ್ತು. ಅಧ್ಯಕ್ಷರು ಇನ್ನೂ ಕೈ ಇಳಿಸಿರಲಿಲ್ಲ. ಕೈ ಎತ್ತಿದ ಭರಕ್ಕೆ ಹಳೇ ಖಾಕಿಯ ಎರಡು ಗುಂಡಿ ಹಾರಿ ಹೋಗಿದ್ದವು. ನಾನು ಅವರ ಸುತ್ತ ಒಮ್ಮೆ ನಡೆದು, ಹೊಲಿಗೆಯವಳ ಕಣ್ಣಲ್ಲಿ ನೋಡಿ ಹೇಳಿದೆ:

"ಹೊಟ್ಟೆಯ ಹತ್ತಿರ ಬಿಗಿಯಾಗಿದೆ ಅಧ್ಯಕ್ಷರೇ. ಬಿಚ್ಚಿ ಕೊಡಿ, ಸಡಿಲ ಮಾಡಿಸ್ತೇನೆ. ನಿಮ್ಮ ಮದುವೆಯ ಮೂವತ್ತನೇ ವರ್ಷಕ್ಕೆ ಖಂಡಿತ ಸಿಗ್ತದೆ."